ಹೊಸದಕ್ಕಿಂತ ಎಷ್ಟು ಕಡಿಮೆ?

ಕಳೆದ ಅಕ್ಟೋಬರ್‌ನಲ್ಲಿ ನಮ್ಮ ಮುಂಬೈ ಉಪನಗರದ ಕನ್ನಡ ಬಳಗದಲ್ಲಿ ರಾಜ್ಯೋತ್ಸವದ ಹಾಡುಗಳ ತಾಲೀಮು ಶುರುವಾಯಿತು. ಮಳೆಗಾಲವಿಡೀ ಬೀರುವಿನ ಹಿಂದೆ ಚೀಲದಲ್ಲಿದ್ದ ನನ್ನ ಬೇಸ್ ಗಿಟಾರನ್ನು ಹೊರತೆಗೆದು ಆಂಪ್ಲಿಫೈಯರ್‌ಗೆ ಜೋಡಿಸಿದರೆ, ಎರಡು ಪಿಕಪ್‌ಗಳಲ್ಲಿ ಒಂದು ಉಸಿರೇ ಎತ್ತಲಿಲ್ಲ. ಮಲ್ಟಿಮೀಟರ್ ಹಿಡಿದು ನೋಡಿದೆ. ಏಳೆಂಟು ಕಿಲೋ ಓಮ್ ತೋರಿಸಬೇಕಾದ ಕಡೆ ಏನೂ ಇಲ್ಲ. ಒಳಗೆಲ್ಲೋ ತಂತಿ ತುಂಡಾಗಿತ್ತು. ವಾದ್ಯದ ಅಂಗಡಿಯವರು ಅದನ್ನು ಕೈಯಲ್ಲೂ ಹಿಡಿಯಲಿಲ್ಲ. ‘ಇದು ರಿಪೇರಿ ಆಗಲ್ಲ. ಜೋಡಿ ಬದಲಾಯಿಸಿ, ನಾಲ್ಕು ಸಾವಿರ’ ಎಂದರು.

ರಿಪೇರಿ ಆಗದಂಥದ್ದು ಅದರೊಳಗೆ ಏನಿದೆ ಎಂದು ನೋಡುವ ಹಟ ನನಗೆ ಬಂತು. ಬಿಚ್ಚಿದರೆ ಅಲ್ಲಿರುವುದು ಇಷ್ಟೇ: ಎಂಟು ಸಣ್ಣ ಆಯಸ್ಕಾಂತದ ಕಡ್ಡಿಗಳು, ಅವುಗಳ ಸುತ್ತ ತಾಮ್ರದ ತಂತಿ. ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಅಲುಗಾಡುತ್ತದೆ, ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ತೋರಿಸಿಕೊಟ್ಟದ್ದು ಇದನ್ನೇ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದೂ ಇದೇ ನಿಯಮದಿಂದ. ಆದರೆ ಈ ಪಿಕಪ್‌ನ ತಂತಿ ಮಾತ್ರ ತಲೆಗೂದಲಿನಷ್ಟು ತೆಳು. ಸುಮಾರು 9,000 ಸುತ್ತು, ಒಟ್ಟು ಉದ್ದ ಹತ್ತಿರ ಹತ್ತಿರ ಒಂದೂವರೆ ಕಿಲೋಮೀಟರ್, ತೂಕ ಮಾತ್ರ 40 ಗ್ರಾಂ.

ಇಂಥ ಪಿಕಪ್‌ಗೆ 42 ಗೇಜಿನ ತಂತಿ ಎಂದು ಓದಿದ್ದೆ. ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ 42 ಎಂದು ಕೇಳಿ, ತೂಕದ ಲೆಕ್ಕದಲ್ಲಿ ಎನಾಮಲ್ ತಂತಿ ತಂದೆ. ಕೈಯಲ್ಲಿ ತಿರುಗಿಸುವ ಹಳೆಯ ಡ್ರಿಲ್ಲಿಗೆ ಬಾಬಿನ್ ಸಿಕ್ಕಿಸಿ, ಹಿಡಿಕೆಯ ಸುತ್ತು ಎಣಿಸುತ್ತಾ ಒಂದು ಶನಿವಾರ ರಾತ್ರಿ ಕೂತೆ. 4,000 ಮುಟ್ಟುವ ಮೊದಲೇ ಬಾಬಿನ್ ತುಂಬಿಹೋಯಿತು. ಮೀಟರ್ ತೋರಿಸಿದ್ದು 1.2 ಕಿಲೋ ಓಮ್. ತಪ್ಪು ಎಲ್ಲಾಯಿತೆಂದು ತಿಳಿಯಲಿಲ್ಲ.

ಮರುದಿನ ಅದನ್ನು ಹಿಡಿದುಕೊಂಡು ನಮ್ಮ ಬೀದಿಯ ಕೊನೆಯಲ್ಲಿರುವ ಮೋಟರ್ ವೈಂಡಿಂಗ್ ಅಂಗಡಿಗೆ ಹೋದೆ. ಅಂಗಡಿಯವರು ಸೊಲ್ಲಾಪುರ ಕಡೆಯವರು. ಮನೆಮಾತು ಕನ್ನಡ, ಲೆಕ್ಕ ಬರೆಯುವುದು ಮರಾಠಿಯಲ್ಲಿ. ವಯಸ್ಸು ಅರವತ್ತರ ಮೇಲೆ. ಎಲ್ಲರಂತೆ ನಾನೂ ಕಾಕಾ ಎನ್ನುತ್ತೇನೆ. ನನ್ನ ಕಥೆಯನ್ನೆಲ್ಲ ಕೇಳಿ ಅವರು ಒಂದೇ ಪ್ರಶ್ನೆ ಹಾಕಿದರು: ‘42 ಅಂದ್ರ ಯಾವ 42 ರೀ ಸರ? ಅಮೇರಿಕಾದ್ದೋ, ನಮ್ಮದೋ?’

ನನ್ನ ಎಂಜಿನಿಯರಿಂಗ್ ಪದವಿ ಅಲ್ಲಿಗೆ ಮುಗಿಯಿತು. ಅಮೆರಿಕದ ಗೇಜ್ ಬೇರೆ, ನಮ್ಮ ಪೇಟೆಯಲ್ಲಿ ಬ್ರಿಟಿಷರ ಕಾಲದಿಂದ ನಡೆದುಬಂದ ಎಸ್‌ಡಬ್ಲ್ಯುಜಿ ಗೇಜ್ ಬೇರೆ. ಅವರ 42 ಎಂದರೆ 0.063 ಮಿಲಿಮೀಟರ್. ನಮ್ಮ 42 ಎಂದರೆ 0.1 ಮಿಲಿಮೀಟರ್. ನನಗೆ ಬೇಕಾದದ್ದು ನಮ್ಮ ಲೆಕ್ಕದ 46. ಹಿಂದೆ ರಿಲೇ ಕಾಯಿಲ್ ಸುತ್ತುತ್ತಿದ್ದ ದಿನಗಳ ಒಂದು 46ರ ರೀಲು ಕಾಕಾನ ಕಪಾಟಿನಲ್ಲೇ ಇತ್ತು.

ಕಾಕಾ ಮೊದಲು ಮಾಡಿದ್ದು ನನ್ನ ತಂತಿಯನ್ನೆಲ್ಲ ಕತ್ತರಿಸಿ ಬಿಸಾಡಿ, ಆಯಸ್ಕಾಂತಗಳನ್ನು ಬೆಳಕಿಗೆ ಹಿಡಿದದ್ದು. ಅವುಗಳ ಮೇಲೆ ತುಕ್ಕು. ಕಾರ್ಖಾನೆಯಲ್ಲಿ ತಂತಿಯನ್ನು ನೇರ ಆಯಸ್ಕಾಂತದ ಮೇಲೆಯೇ ಸುತ್ತಿದ್ದರು. ಮುಂಬೈಯ ಉಪ್ಪುಗಾಳಿಗೆ ಆಯಸ್ಕಾಂತ ತುಕ್ಕು ಹಿಡಿದು, ಅದಕ್ಕೆ ತಾಗಿದ ಮೊದಲ ಪದರದ ತಂತಿ ಹಸಿರುಗಟ್ಟಿ ತುಂಡಾಗಿತ್ತು. ಕಾಕಾ ತುಕ್ಕು ಉಜ್ಜಿ, ತೆಳುವಾದ ಟೇಪಿನ ಒಂದು ಸುತ್ತು ಹಾಕಿದರು. ಆಮೇಲೆ ಎಣಿಕೆಯ ಮುಳ್ಳಿರುವ ಕೈ ವೈಂಡಿಂಗ್ ಮಷಿನ್ನಿಗೆ ಬಾಬಿನ್ ಏರಿಸಿದರು. ಹಿಡಿಕೆ ತಿರುಗಿಸುವುದು ನನ್ನ ಕೆಲಸ. ಬಟ್ಟೆಯ ತುಂಡಿನ ನಡುವೆ ತಂತಿ ಹಿಡಿದು, ಅತ್ತಿಂದಿತ್ತ ನಡೆಸುವುದು ಅವರದು. ಬಿಗಿ ಹೆಚ್ಚಾದರೆ ತಂತಿ ಹರಿಯುತ್ತದೆ. ಸಡಿಲವಾದರೆ ಸುರುಳಿಯೇ ಅಲುಗಾಡಿ, ಧ್ವನಿ ಏರಿಸಿದಾಗ ಕೀರಲು ಸದ್ದು ಬರುತ್ತದೆ. 6,000 ದಾಟಿದ ಮೇಲೆ ನಾನು ಅವಸರ ಮಾಡಿದೆ, ತಂತಿ ಹರಿಯಿತು. ಬೆಸುಗೆ ಹಾಕೋಣವೇ ಎಂದೆ. ‘ಹಚ್ಚಬಹುದು ಸರ. ಮುಂದ ಮತ್ತ ಅಲ್ಲೇ ಹರೀತದ’ ಎಂದು ಎಲ್ಲವನ್ನೂ ಕತ್ತರಿಸಿದರು. ಮುಂದಿನ ಭಾನುವಾರ ಸೊನ್ನೆಯಿಂದ ಶುರು. ಈ ಸಲ 7.4 ಕಿಲೋ ಓಮ್ ಬಂತು.

ಮನೆಯಲ್ಲಿ ಮೇಣವನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ, ಸುರುಳಿಯನ್ನು ಅದರಲ್ಲಿ ಅದ್ದಿದೆ. ಗಿಟಾರಿಗೆ ಜೋಡಿಸಿ ಎರಡೂ ಪಿಕಪ್ ಒಟ್ಟಿಗೆ ತೆರೆದರೆ ಧ್ವನಿ ತೆಳ್ಳಗೆ, ಬೇಸ್ ಎನ್ನುವುದೇ ಇಲ್ಲ. ಸುರುಳಿಯನ್ನು ಉಲ್ಟಾ ದಿಕ್ಕಿಗೆ ಸುತ್ತಿದ್ದೆವು. ಎರಡು ವೈರುಗಳನ್ನು ಅದಲುಬದಲು ಮಾಡಿದೆ. ದಪ್ಪ ತಂತಿಯ 41 ಹರ್ಟ್ಜ್ ನಾದ ನೆಲದಿಂದ ಕಾಲಿಗೆ ಬಂತು.

ಕಾಕಾ ಕೇಳಿದ್ದು 600 ರೂಪಾಯಿ. ಚೌಕಾಸಿ ಮಾಡದೆ ಕೊಟ್ಟೆ, ಮನಸ್ಸಿನಲ್ಲೇ ನನ್ನ ಬೆನ್ನು ತಟ್ಟಿಕೊಂಡೆ. ಸೋಮವಾರ ಲೋಕಲ್ ಟ್ರೈನಿನಲ್ಲಿ ನಿಂತು ಲೆಕ್ಕ ಹಾಕಿದಾಗ ಮುಖ ಸಣ್ಣದಾಯಿತು. ಎರಡು ಭಾನುವಾರ ಸೇರಿ ಅವರ ಆರು ಗಂಟೆ. ತಂತಿಯ ಬೆಲೆ ಬಿಟ್ಟರೂ ಗಂಟೆಗೆ 100 ರೂಪಾಯಿ. ಅದೇ ತಿಂಗಳು ಎ.ಸಿ. ನೋಡಲು ಕಂಪನಿಯಿಂದ ಬಂದ ಹುಡುಗ ಹತ್ತು ನಿಮಿಷ ನಿಂತು, ಬೋರ್ಡು ಬದಲಾಯಿಸಬೇಕು ಎಂದು ಹೇಳಿದ್ದಕ್ಕೇ ನಾನು 500 ಕೊಟ್ಟಿದ್ದೆ.

ಇಷ್ಟು ಕಡಿಮೆ ಯಾಕೆ ಎಂದು ಆಮೇಲೆ ಕಾಕಾನನ್ನೇ ಕೇಳಿದೆ. ‘ಮಂದಿ ಬಂದು ಕೇಳೋದು ಒಂದೇ ಮಾತು ಸರ: ಹೊಸದಕ್ಕಿಂತ ಎಷ್ಟು ಕಡಿಮಿ?’

ನನ್ನ ತಕರಾರು ಇರುವುದು ಈ ಪ್ರಶ್ನೆಯ ಮೇಲೆ. ರಿಪೇರಿ ಎಂದರೆ ಅಗ್ಗ ಇರಲೇಬೇಕು ಎಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ. ಹೊಸ ಫ್ಯಾನು ಸಾವಿರಗಟ್ಟಲೆ ಒಟ್ಟಿಗೆ ತಯಾರಾಗುತ್ತದೆ, ಹಾಗಾಗಿ ಅಗ್ಗ. ಕೆಟ್ಟ ಫ್ಯಾನು ಒಂದೊಂದಾಗಿ ಬರುತ್ತದೆ, ಒಂದೊಂದರ ರೋಗವೂ ಬೇರೆ. ಒಬ್ಬ ಮನುಷ್ಯ ಕೂತು ಅದನ್ನು ಬಿಚ್ಚಿ ಯೋಚಿಸಬೇಕು. ಆ ಯೋಚನೆಯ ಬೆಲೆಯನ್ನು ಕಾರ್ಖಾನೆಯ ಬೆಲೆಯ ಪಕ್ಕದಲ್ಲಿಟ್ಟು ಅಳೆದರೆ ಪ್ರತಿ ಸಲವೂ ಸೋಲುವುದು ರಿಪೇರಿಯವನೇ. ತಿಂಗಳ ಸಂಬಳ ಎಣಿಸುವ ನಾವು, ನಮ್ಮ ಯೋಚನೆಗೆ ಮಾತ್ರ ಗಂಟೆಯ ಲೆಕ್ಕದಲ್ಲಿ ಬಿಲ್ ಹಾಕುತ್ತೇವೆ.

ಕೈಯಲ್ಲಿ ಸುತ್ತಿದ ಪಿಕಪ್ಪಿಗೆ ವಿಶೇಷ ಮಾಧುರ್ಯವಿದೆ ಎಂಬ ಮಾತೂ ಚಾಲ್ತಿಯಲ್ಲಿದೆ. ನಾನು ಅದನ್ನು ಹೇಳಲಾರೆ. ಮಷಿನ್ ಸುತ್ತಿದ ಸುರುಳಿ ಒಂದರಂತೆ ಇನ್ನೊಂದು ಇರುತ್ತದೆ, ಅದು ದೊಡ್ಡ ಗುಣವೇ. ನನ್ನ ಸಮಯದ ಬೆಲೆಯನ್ನೂ ಸೇರಿಸಿದರೆ ನಾಲ್ಕು ಸಾವಿರದ ಹೊಸ ಜೋಡಿಯೇ ಅಗ್ಗವಾಗುತ್ತಿತ್ತು. ಆದರೆ ಹೊಸ ಜೋಡಿಯೂ ಇದೇ ಉಪ್ಪುಗಾಳಿಗೆ ಹೀಗೇ ಸಾಯಬಹುದಿತ್ತು. ಕಾಕಾನ ಒಂದು ಸುತ್ತು ಟೇಪು ಈ ಊರಿನ ಗಾಳಿ ಗೊತ್ತಿದ್ದವರ ಕೆಲಸ. ನಾನು ಹಣ ಕೊಡಬೇಕಾಗಿದ್ದದ್ದು ಆ ತಿಳಿವಳಿಕೆಗೆ.

ಸರ್ಕಾರ ಕೈಕಟ್ಟಿ ಕೂತಿಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ಮಾಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಪೋರ್ಟಲ್ ಬಂತು. ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ವಲಯಗಳಿಗೆ ಗಮನ ಕೊಟ್ಟಿತು. ಒಳ್ಳೆಯದೇ. ಆದರೆ ವೈಂಡಿಂಗ್ ಅಂಗಡಿಗೆ ಬೇಕಾದದ್ದು ಅರ್ಧ ಸಾಲಿನ ಮಾಹಿತಿ: ತಂತಿಯ ದಪ್ಪ ಮಿಲಿಮೀಟರಿನಲ್ಲಿ ಎಷ್ಟು, ಸುತ್ತು ಎಷ್ಟು, ಯಾವ ದಿಕ್ಕು. ಇದನ್ನು ಪ್ರತಿ ಕಾಯಿಲ್‌ನ ತಳದಲ್ಲಿ ಅಚ್ಚು ಹಾಕಲು ಕಾರ್ಖಾನೆಗೆ ತಗಲುವ ಖರ್ಚು ಅತ್ಯಲ್ಪ. ನನ್ನ ಪಿಕಪ್‌ನ ತಳದಲ್ಲಿ ಈಗ ಅದನ್ನು ಮಾರ್ಕರಿನಲ್ಲಿ ಬರೆದಿಟ್ಟಿದ್ದೇನೆ. ಮುಂದೆ ಇದನ್ನು ಬಿಚ್ಚುವವರು ಯಾವ 42 ಎಂದು ಕೇಳಬೇಕಾಗಿಲ್ಲ.

ರಾಜ್ಯೋತ್ಸವ ಚೆನ್ನಾಗಿ ಆಯಿತು. ಬೇಸ್ ಕೇಳಿಸಿತೇ ಎಂದು ಯಾರೂ ಹೇಳಲಿಲ್ಲ. ಬೇಸ್ ನಿಂತರೆ ಮಾತ್ರ ಜನ ತಿರುಗಿ ನೋಡುವುದು. ನಾನು ಕಾಕಾನಿಗೆ ಉಳಿದ ಹಣ ಕೊಡಲು ಹೋದಾಗ ಅವರು ತೆಗೆದುಕೊಳ್ಳಲಿಲ್ಲ. ಬಳಗದ ಹಾರ್ಮೋನಿಯಂ ಜತೆಗಿನ ಹಳೆಯ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು, ಅದನ್ನು ಒಯ್ದು ಮುಂದಿಟ್ಟೆ. ಈ ಸಲ ಕೇಳಿದ್ದು ಬೆಲೆಯನ್ನಲ್ಲ, ‘ಎಷ್ಟು ತಾಸಿನ ಕೆಲಸ ಕಾಕಾ?’ ಎಂದು. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಬೆರಳು ಎಣಿಸತೊಡಗಿದರು.