ಮೆಲುಕಿನ ಮರ್ಮ

ಹಬ್ಬದ ಮಾರನೆಯ ದಿನ ಮಿಕ್ಕ ಅನ್ನವನ್ನು ಕೊಟ್ಟಿಗೆಯ ಹಸುವಿಗೆ ಸುರಿಯುವುದು ನಮ್ಮಲ್ಲಿ ಪುಣ್ಯವೆಂದೇ ಎಣಿಸಲ್ಪಟ್ಟಿದೆ. ಅನ್ನವು ವ್ಯರ್ಥವಾಗಬಾರದು, ಮೂಕಪ್ರಾಣಿಯ ಹೊಟ್ಟೆಯೂ ತುಂಬಬೇಕು ಎಂಬ ಭಾವವು ದೊಡ್ಡದೇ ಸರಿ. ಆದರೆ ಬುಟ್ಟಿಗಟ್ಟಲೆ ಅನ್ನವನ್ನು ತಿಂದ ಹಸುವು ಒಂದೆರಡು ದಿನಗಳಲ್ಲಿ ಮೇವು ಬಿಟ್ಟು, ಹೊಟ್ಟೆಯುಬ್ಬಿ, ಏಳಲಾರದೆ ಮಲಗಿ ಪ್ರಾಣ ಬಿಡುವುದುಂಟು. ದೃಷ್ಟಿ ತಾಕಿತೆಂದು ಮನೆಯವರು ಮರುಗುವರು. ನಿಜವಾದ ಕಾರಣವು ಹಸುವಿನ ಹೊಟ್ಟೆಯೊಳಗೇ ಇದೆ. ಮೇವಿನ ಮರ್ಮವನ್ನು ತಿಳಿಯುವುದರಲ್ಲಿ ಲೋಕಕ್ಕೆ ನೆರವಾದ ವಿದ್ವಾಂಸರಲ್ಲಿ ಅಮೆರಿಕದ ಪೀಟರ್ ವ್ಯಾನ್ ಸೂಸ್ಟ್ ಅವರು ಅಗ್ರಗಣ್ಯರು.

ಅಕ್ಕಿಯ ಪಿಷ್ಟವೂ ಹುಲ್ಲಿನ ನಾರೂ ಒಂದೇ ಮನೆತನದವು. ಸಕ್ಕರೆಯ ಅಣುಗಳು ಸರಪಣಿಯಂತೆ ಹೆಣೆದುಕೊಂಡು ಆದ ಇಂತಹ ವಸ್ತುಗಳನ್ನು ಪಾಲಿಸ್ಯಾಕರೈಡ್‌ಗಳೆನ್ನುವರು. ಕೊಂಡಿಯ ಬಗೆ ಬೇರೆಯಾದುದರಿಂದ ಪಿಷ್ಟವು ಬೇಗನೆ ಕರಗುವುದು, ಸೆಲ್ಯುಲೋಸು ಕರಗದು. ಹಸುವಿಗೂ ಅದನ್ನು ಅರಗಿಸುವ ಸ್ವಂತ ಶಕ್ತಿಯಿಲ್ಲ. ಅದರ ಮೊದಲನೆಯ ದೊಡ್ಡ ಹೊಟ್ಟೆಯಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳೇ ಆ ಕೆಲಸವನ್ನು ಮಾಡಿಕೊಡುವುವು.

ಮೇವಿನಲ್ಲಿ ನಾರೆಷ್ಟಿದೆಯೆಂದು ಅಳೆಯಲು 19ನೆಯ ಶತಮಾನದಲ್ಲಿ ಜರ್ಮನಿಯ ವೇಂಡೆಯಲ್ಲಿ ಒಂದು ವಿಧಾನವನ್ನು ಕಂಡುಹಿಡಿದಿದ್ದರು. ಮೇವನ್ನು ಮೊದಲು ಆಮ್ಲದಲ್ಲಿಯೂ ಅನಂತರ ಕ್ಷಾರದಲ್ಲಿಯೂ ಕುದಿಸಿ, ಉಳಿದುದನ್ನು ತೂಗುತ್ತಿದ್ದರು. ಆದರೆ ಈ ಕುದಿತದಲ್ಲಿ ನಾರಿನ ಒಂದು ಪಾಲೇ ಕರಗಿಹೋಗುತ್ತಿತ್ತು, ಲೆಕ್ಕ ತಪ್ಪುತ್ತಿತ್ತು. ವ್ಯಾನ್ ಸೂಸ್ಟರು ಬೆಲ್ಟ್ಸ್‌ವಿಲ್‌ನ ಸರಕಾರಿ ಕೃಷಿ ಸಂಶೋಧನಾಲಯದಲ್ಲಿದ್ದಾಗ ಬಟ್ಟೆಯ ಕೊಳೆ ತೆಗೆಯುವ ಮಾರ್ಜಕದಂತಹ ದ್ರಾವಣದಲ್ಲಿ ಮೇವನ್ನು ಕುದಿಸಿನೋಡಿದರು. ಪಿಷ್ಟ, ಸಕ್ಕರೆ, ಮಾಂಸಸಾರಗಳು ಕಳೆದು, ನಾರು ಹೆಚ್ಚುಕಡಮೆ ಇಡಿಯಾಗಿ ಉಳಿಯಿತು. 1963ರಲ್ಲಿಯೂ 1967ರಲ್ಲಿಯೂ ಪ್ರಕಟವಾದ ಈ ವಿಧಾನಗಳು ಹಳೆಯ ಎಣಿಕೆಯನ್ನು ಹಿಂದೆ ಹಾಕಿದುವು. ಮುಂದೆ ಅವರು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿ, ಮೆಲುಕುಹಾಕುವ ಪ್ರಾಣಿಗಳ ಪೋಷಣೆಯನ್ನು ಕುರಿತ ಮಹಾಗ್ರಂಥವನ್ನು 1982ರಲ್ಲಿ ಹೊರತಂದರು. 1991ರಲ್ಲಿ ಸಹೋದ್ಯೋಗಿಗಳೊಡನೆ ಬರೆದ ಲೇಖನದಲ್ಲಿ ಪಿಷ್ಟವಲ್ಲದ ಪಾಲಿಸ್ಯಾಕರೈಡ್‌ಗಳನ್ನು ಅಳೆಯುವ ಬಗೆಯನ್ನು ಇನ್ನೂ ತಿದ್ದಿದರು. ದನಕ್ಕಾಗಿ ಹುಟ್ಟಿದ ಈ ಅಳತೆ ಮನುಷ್ಯನ ಆಹಾರದ ನಾರಿನ ವಿಚಾರಕ್ಕೂ ಉಪಯೋಗವಾಯಿತು.

ನಾರಿನ ಅಳತೆಗೂ ಹಸುವಿನ ಸುಖಕ್ಕೂ ಏನು ನಂಟು? ಒರಟು ಹುಲ್ಲು ಮೆಲುಕನ್ನು ಹುಟ್ಟಿಸುವುದು. ಮೆಲುಕಿನಿಂದ ಜೊಲ್ಲು ಸುರಿಯುವುದು. ದೊಡ್ಡ ಹಸುವೊಂದು ದಿನಕ್ಕೆ 100 ಲೀಟರಿಗೂ ಹೆಚ್ಚು ಜೊಲ್ಲನ್ನು ನುಂಗುವುದುಂಟು. ಅದರ ಕ್ಷಾರಗುಣವು ಹೊಟ್ಟೆಯ ಹುಳಿಯನ್ನು ಅಡಗಿಸುವುದು. ಬೆಂದ ಅನ್ನದಲ್ಲಿ ಮೆಲುಕಿಗೆ ತಕ್ಕ ನಾರಿಲ್ಲ. ಪಿಷ್ಟವು ಒಮ್ಮೆಲೇ ಹುದುಗಿ ಲ್ಯಾಕ್ಟಿಕ್ ಆಮ್ಲವು ಮಿತಿಮೀರುವುದು. ನಾರನ್ನು ಅರಗಿಸುವ ಜೀವಿಗಳು ಸಾಯುವುವು, ಆಮ್ಲವು ರಕ್ತಕ್ಕೂ ಏರುವುದು. ಬದುಕುಳಿದ ಹಸುವಿನ ಗೊರಸುಗಳು ಉರಿಗೊಂಡು ಅದು ಕುಂಟುವುದೂ ಉಂಟು.

ಆದುದರಿಂದ ಗೃಹಸ್ಥರು ಹಬ್ಬದ ಅನ್ನವನ್ನು ಹಸುವಿಗೆ ರಾಶಿಯಾಗಿ ಸುರಿಯಬಾರದು. ಕೊಡಲೇಬೇಕೆಂದಿದ್ದರೆ ಮೊದಲು ಹೊಟ್ಟೆ ತುಂಬ ಹುಲ್ಲನ್ನು ಹಾಕಿ, ಬಳಿಕ ಒಂದೆರಡು ಹಿಡಿ ಮಾತ್ರ ಕೊಡಬೇಕು. ಹಸುವು ಕಣ್ಣು ತಪ್ಪಿಸಿ ಹೆಚ್ಚು ತಿಂದಿದ್ದರೆ, ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಪಶುವೈದ್ಯರನ್ನು ಕರೆಸಬೇಕು. ಇಲ್ಲಿ ಒಂದೊಂದು ಗಳಿಗೆಯೂ ಬೆಲೆಯುಳ್ಳದ್ದು.

ಸಂಜೆ ಕೊಟ್ಟಿಗೆಯಲ್ಲಿ ಕಣ್ಣು ಅರೆಮುಚ್ಚಿ ಮೆಲುಕುಹಾಕುವ ಹಸುವನ್ನು ನೋಡಿದಾಗ, ಅದರ ಹೊಟ್ಟೆ ನೆಟ್ಟಗಿದೆಯೆಂದು ತಿಳಿಯಬಹುದು. ಅನ್ನದ ಬುಟ್ಟಿಗಿಂತ ಒಂದು ಹೊರೆ ಹುಲ್ಲೇ ಅದಕ್ಕೆ ನಾವು ಮಾಡುವ ಹಬ್ಬ.