ರೈಡಿನಲ್ಲಿ ಬೆಲ್ಟ್, ಕಾರಿನಲ್ಲಿ ತೊಡೆ

1/7
ರಜೆಯ ಭಾನುವಾರ ಬೆಳಿಗ್ಗೆ ಮೈಸೂರು, ಮಂಡ್ಯ ಕಡೆಯಿಂದ ಬಿಡದಿಯ ವಂಡರ್‌ಲಾಗೆ ಹೊರಟ ಕಾರುಗಳ ಒಳಗೆ ಒಂದು ಸಲ ಕಣ್ಣು ಹಾಯಿಸಿ ನೋಡಿ. ಮುಂದಿನ ಸೀಟಿನಲ್ಲಿ ಅಮ್ಮ, ಅಮ್ಮನ ತೊಡೆ ಮೇಲೆ ಮೂರು ವರ್ಷದ ಮಗು. ಹಿಂದೆ ಅಜ್ಜಿ, ಚಿಕ್ಕಮ್ಮ, ಅವರ ಸಂದಿಯಲ್ಲಿ ಮತ್ತೆ ಮೂರು ಮಕ್ಕಳು. ಸನ್‌ರೂಫ್ ಇದ್ದರೆ ಅದರಿಂದ ಆಚೆ ಎರಡು ತಲೆ, ಒಂದು ಕೂಲಿಂಗ್ ಗ್ಲಾಸ್. ಎಲ್ಲರೂ ಖುಷಿ ಖುಷಿ.

ಇದೇ ಕುಟುಂಬವನ್ನು ಎರಡು ಗಂಟೆ ಬಿಟ್ಟು ಪಾರ್ಕಿನ ಒಳಗೆ ನೋಡಿ. ರೈಡಿನ ಹುಡುಗ ಮಗುವನ್ನ ಅಳತೆ ಕಂಬದ ಪಕ್ಕ ನಿಲ್ಲಿಸ್ತಾನೆ. (ಟಿಕೆಟ್ ಕೌಂಟರಿನಲ್ಲಿ ಕುಗ್ಗಿಸಿ ನಿಲ್ಲಿಸಿದ್ದ ಅದೇ ಮಗುವನ್ನ ಇಲ್ಲಿ ತುದಿಗಾಲಲ್ಲಿ ನಿಲ್ಲಿಸೋರು ನಮ್ಮವರೇ, ಇರಲಿ.) ಬೆಲ್ಟ್ ಹಾಕ್ತಾನೆ, ಬಾರ್ ಇಳಿಸ್ತಾನೆ, ಎಳೆದು ನೋಡ್ತಾನೆ. ಆದರೂ ಅಪ್ಪನಿಗೆ ಸಮಾಧಾನ ಇಲ್ಲ. "ಲಾಕ್ ಸರಿಯಾಗಿ ಬಿದ್ದಿದ್ಯಾ? ಇನ್ನೊಂದ್ಸಲ ನೋಡಪ್ಪಾ" ಅಂತಾನೆ. ಸರಿಯಾಗೇ ಕೇಳ್ತಾನೆ.

ಆದರೆ ಸ್ವಾಮಿ, ಆ ದಿನದ ಅತ್ಯಂತ ಅಪಾಯದ ರೈಡ್ ಪಾರ್ಕಿನ ಒಳಗೆ ಇರಲಿಲ್ಲ. ಅದನ್ನು ನೀವೇ ಓಡಿಸ್ಕೊಂಡು ಬಂದಿರಿ. ಆಪರೇಟರ್ ನೀವೇ. ಲಾಕ್ ನೋಡಿದಿರಾ?

2/7
ಲೆಕ್ಕ ಹಾಕೋಣ. ಹೈಸ್ಕೂಲ್ ಭೌತಶಾಸ್ತ್ರ, ಅಷ್ಟೇ.

ಬೆಂಗಳೂರು–ಮೈಸೂರು ಹೆದ್ದಾರಿ 118 ಕಿ.ಮೀ. 2023ರ ಮಾರ್ಚ್ 12ರಂದು ಉದ್ಘಾಟನೆ ಆಯ್ತು. ಕಾರಿಗೆ ಇರುವ ಮಿತಿ ಗಂಟೆಗೆ 100 ಕಿ.ಮೀ. ಬೈಕು, ಆಟೊ, ಟ್ರ್ಯಾಕ್ಟರ್‌ಗಳನ್ನು ಅದೇ ವರ್ಷ ಆಗಸ್ಟ್ 1ರಿಂದ ಮುಖ್ಯ ಪಥಕ್ಕೆ ಬಿಡ್ತಿಲ್ಲ. ಯಾಕೆ? ಅಲ್ಲಿನ ವೇಗಕ್ಕೆ ಅವು ತಡೆಯಲ್ಲ ಅಂತ.

100ರಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತೆ. ಅಷ್ಟು ವೇಗದಲ್ಲಿ ಗೋಡೆಗೆ ಗುದ್ದೋದು ಅಂದರೆ ಹತ್ತಿರ ಹತ್ತಿರ 40 ಮೀಟರ್ ಎತ್ತರದಿಂದ, ಅಂದರೆ ಹದಿಮೂರನೇ ಮಹಡಿಯಿಂದ, ನೆಲಕ್ಕೆ ಬಿದ್ದ ಹಾಗೆ. ಬರೀ 50ರಲ್ಲಿ? ಅದು ಮೂರನೇ ಮಹಡಿ.

ಈಗ ಊಹಿಸಿ. ಪಾರ್ಕಿನಲ್ಲಿ ಮೇಲಿಂದ ಧೊಪ್ ಅಂತ ಬೀಳಿಸುವ ಡ್ರಾಪ್ ರೈಡ್ ಇದೆ. ನೀವು ಹೋಗಿ, "ಮಗು ಅಳುತ್ತೆ, ಬೆಲ್ಟ್ ಬೇಡ, ತೊಡೆ ಮೇಲೆ ಕೂರಿಸ್ಕೋತೀನಿ" ಅಂತ ಕೇಳ್ತೀರಾ? ಕೇಳಿದ್ರೆ ಹಿಂದೆ ಕ್ಯೂನಲ್ಲಿ ನಿಂತೋರೇ ನಿಮ್ಮನ್ನ ಬೈದು ಕಳಿಸ್ತಾರೆ. ಡ್ರಾಪ್ ರೈಡ್ ಕೆಳಗೆ ಬರುವಾಗ ನಿಧಾನವಾಗಿ ನಿಲ್ಲೋಕೆ ಬ್ರೇಕ್ ಇರುತ್ತೆ. ನಿಂತಿರುವ ಲಾರಿಯ ಹಿಂಭಾಗದಲ್ಲಿ ಅದೂ ಇರಲ್ಲ.

3/7
"ನಾನು ಗಟ್ಟಿಯಾಗಿ ಹಿಡ್ಕೊಂಡಿರ್ತೀನಿ."

ಈ ಮಾತು ಹೇಳದ ತಾಯಿ ಇಲ್ಲ. ಪ್ರೀತಿಯಲ್ಲಿ ಅನುಮಾನ ಇಲ್ಲ, ತೋಳಿನಲ್ಲಿ ಇದೆ. 15 ಕೆ.ಜಿ. ಮಗು, 50ರಲ್ಲಿ ಹೋಗ್ತಿದ್ದ ಕಾರು ಹತ್ತನೇ ಒಂದು ಸೆಕೆಂಡಿನಲ್ಲಿ ನಿಂತಿತು ಅಂದುಕೊಳ್ಳಿ. ಆ ಕ್ಷಣಕ್ಕೆ ನಿಮ್ಮ ಕೈ ತಡೀಬೇಕಾದ ಭಾರ 200 ಕೆ.ಜಿ.ಗಿಂತ ಹೆಚ್ಚು. ನಾಲ್ಕು ಅಕ್ಕಿ ಮೂಟೆ. ಯಾವ ಪೈಲ್ವಾನನ ಕೈಲೂ ಆಗಲ್ಲ.

ಅದೂ ನೀವು ಬೆಲ್ಟ್ ಹಾಕಿದ್ದರೆ. ಹಾಕಿಲ್ಲ ಅಂದರೆ ನಿಮ್ಮದೇ 60–70 ಕೆ.ಜಿ. ಮೈ ಹಿಂದಿನಿಂದ ಮಗುವನ್ನ ಡ್ಯಾಶ್‌ಬೋರ್ಡಿಗೆ ಒತ್ತುತ್ತೆ. ಇನ್ನು ಕೆಲವರು ಬುದ್ಧಿವಂತರು, ಒಂದೇ ಬೆಲ್ಟನ್ನ ತಮಗೂ ಮಗುವಿಗೂ ಸೇರಿಸಿ ಹಾಕ್ತಾರೆ. ಅಲ್ಲಿ ಮಗು ನಿಮಗೂ ಬೆಲ್ಟಿಗೂ ನಡುವೆ ಮೆತ್ತೆ. ಇದೆಲ್ಲ ಸಾಲದು ಅಂತ ಮುಂದಿನ ಸೀಟಿನಲ್ಲಿ ಏರ್‌ಬ್ಯಾಗ್ ಬೇರೆ ಇದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಸಿಡಿಯುವ ಅದು ತಯಾರಾಗಿರೋದು ಬೆಲ್ಟ್ ಹಾಕಿದ ದೊಡ್ಡವರ ಮೈ ಅಳತೆಗೆ, ಮಗುವಿನ ಮುಖಕ್ಕಲ್ಲ. ನಿಮ್ಮ ಕಾರಿನ ಸನ್ ವೈಸರ್ ಕೆಳಗೆ ಎಳೆದು ನೋಡಿ. ಮಗುವಿನ ಚಿತ್ರಕ್ಕೆ ಕೆಂಪು ಗೆರೆ ಹೊಡೆದ ಸ್ಟಿಕ್ಕರ್ ಇರುತ್ತೆ. ಎಷ್ಟು ವರ್ಷದಿಂದ ಅದನ್ನೇ ನೋಡ್ಕೊಂಡು ತಲೆ ಬಾಚ್ತಿದ್ದೀರಿ?

4/7
ಮುಂದಿನ ಆಕ್ಷೇಪ ಅಪ್ಪಂದಿರದ್ದು. "ನಮ್ ಕಾಲದಲ್ಲಿ ಒಂದ್ ಅಂಬಾಸಿಡರಲ್ಲಿ ಹನ್ನೊಂದ್ ಜನ ಧರ್ಮಸ್ಥಳಕ್ಕೆ ಹೋಗಿ ಬಂದಿದೀವಿ, ಏನಾಯ್ತು?"

ಏನೂ ಆಗದೆ ಬಂದೋರು ಮಾತ್ರ ಈ ಕಥೆ ಹೇಳೋಕೆ ಉಳಿದಿದ್ದಾರೆ ಸಾರ್. ಅದೂ ಅಲ್ದೆ, ಹನ್ನೊಂದು ಜನ ಹೊತ್ತ ಆ ಅಂಬಾಸಿಡರ್ ಘಾಟಿಯಲ್ಲಿ 40 ದಾಟಿದ್ರೆ ಹೆಚ್ಚು. ವೇಗ ದುಪ್ಪಟ್ಟಾದ್ರೆ ಗುದ್ದಿನ ಶಕ್ತಿ ನಾಲ್ಕು ಪಟ್ಟು ಆಗುತ್ತೆ. ರಸ್ತೆ ಬದಲಾಗಿದೆ, ಕಾರು ಬದಲಾಗಿದೆ, "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಮಾತ್ರ ಹಾಗೇ ಇದೆ.

ಹಿಂದಿನ ಸೀಟು ಸೇಫ್ ಅನ್ನೋರಿಗೆ ಒಂದೇ ಉದಾಹರಣೆ. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಹತ್ತಿರದ ಸೇತುವೆ ಮೇಲೆ ತೀರಿಕೊಂಡ ಸೈರಸ್ ಮಿಸ್ತ್ರಿ ಕೂತಿದ್ದು ದುಬಾರಿ ಮರ್ಸಿಡಿಸ್ ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟ್ ಇಲ್ಲದೆ. ಮುಂದೆ ಕೂತಿದ್ದ ಇಬ್ಬರು ಬದುಕಿದರು.

5/7
ಕಾನೂನು ಇಲ್ವಾ? ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 194ಬಿ ಕಲಂ ಓದಿ. 14 ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಭದ್ರ ಮಾಡದೆ ಗಾಡಿ ಓಡಿಸಿದರೆ 1000 ರೂಪಾಯಿ ದಂಡ. ಮಿಸ್ತ್ರಿ ಸಾವಿನ ನಂತರ, 2022ರ ಅಕ್ಟೋಬರ್‌ನಲ್ಲಿ, ಹಿಂದಿನ ಸೀಟಿನವರಿಗೂ ದಂಡ ಹಾಕಿ ಅಂತ ಕರ್ನಾಟಕ ಪೊಲೀಸ್ ಇಲಾಖೆ ಸುತ್ತೋಲೆ ಹೊರಡಿಸಿತ್ತು. ನಿಮ್ಮಲ್ಲಿ ಯಾರಿಗಾದ್ರೂ ಮಗು ತೊಡೆ ಮೇಲಿದೆ ಅಂತ ದಂಡ ಬಿದ್ದಿದ್ಯಾ? ಕೈ ಎತ್ತಿ.

ನಾವೆಂಥ ಜನ ಅಂದ್ರೆ, ಬೆಲ್ಟ್ ಹಾಕದಿದ್ರೆ ಕಾರು ಕೀಂ ಕೀಂ ಅನ್ನುತ್ತಲ್ಲ, ಆ ಸದ್ದು ನಿಲ್ಲಿಸೋಕೆ ಬೆಲ್ಟಿನ ಜಾಗಕ್ಕೆ ಸಿಕ್ಕಿಸುವ ಸುಳ್ಳು ಕ್ಲಿಪ್ ದುಡ್ಡು ಕೊಟ್ಟು ತರಿಸ್ಕೊಂಡೋರು. 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಮಾರಾಟ ತಾಣಗಳಿಗೆ ಆದೇಶ ಕೊಟ್ಟ ಮೇಲೆ 13 ಸಾವಿರಕ್ಕೂ ಹೆಚ್ಚು ಇಂಥ ಕ್ಲಿಪ್‌ಗಳ ಪುಟ ತೆಗೆದು ಹಾಕಿದರು. ಮಾರೋನು ಕಳ್ಳ ಸರಿ, ಕೊಂಡೋರು ಯಾರು?

ಬಾಡಿಗೆ ಗಾಡಿಯ ಕಥೆ ಇನ್ನೂ ನಾಚಿಕೆಗೇಡು. ಡ್ರೈವರ್ "ಮೇಡಂ, ಬೆಲ್ಟ್ ಹಾಕ್ಕೊಳ್ಳಿ" ಅಂದ್ರೆ ಅವನಿಗೆ ಅಹಂಕಾರ ಅಂತೀವಿ. ದಂಡ ಬಂದ್ರೆ ಕಟ್ಟೋನು ಅವನು.

6/7
ಈಗ ಸನ್‌ರೂಫ್. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಸನ್‌ರೂಫಿನಿಂದ ತಲೆ ಆಚೆ ಹಾಕಿ ನಿಂತಿದ್ದ ಹುಡುಗನ ತಲೆಗೆ ರಸ್ತೆಗೆ ಅಡ್ಡ ಹಾಕಿದ್ದ ಕಬ್ಬಿಣದ ಕಮಾನು ಬಡಿದ ವಿಡಿಯೊ ನೀವೆಲ್ಲ ನೋಡಿದ್ದೀರಿ. ಶೇರ್ ಮಾಡಿದ್ದೀರಿ. ಅಳುವ ಇಮೋಜಿ ಹಾಕಿದ್ದೀರಿ. ಮುಂದಿನ ವಾರವೇ "ಫ್ಯಾಮಿಲಿ ಟೈಮ್" ಅಂತ ಸನ್‌ರೂಫ್ ರೀಲ್ಸ್. ಅದಕ್ಕೆ ಲೈಕ್ ಒತ್ತಿದೋರೂ ಇಲ್ಲೇ ಇದ್ದೀರಿ.

ಸನ್‌ರೂಫ್ ಇರುವ ಮಾಡೆಲ್ಲಿಗೆ ಸಾವಿರಾರು ರೂಪಾಯಿ ಹೆಚ್ಚು ಕೊಡೋರಿಗೆ ಚೈಲ್ಡ್ ಸೀಟು ದುಬಾರಿ ಆಗುತ್ತಂತೆ! ಆರು ಜನರ ಒಂದು ದಿನದ ಟಿಕೆಟ್ಟು, ಊಟ, ಟೋಲು, ಪೆಟ್ರೋಲು ಕೂಡಿಸಿ ನೋಡಿ. ಆ ದುಡ್ಡಿಗೆ ಒಂದು ಸಾಧಾರಣ ಸೀಟು ಬರುತ್ತೆ. ಸ್ಕೂಟರಿನಲ್ಲಿ ನಾಲ್ಕು ಜನ ಹೋಗುವ ಬಡ ಸಂಸಾರಕ್ಕೆ ನಾನಿದನ್ನ ಹೇಳ್ತಿಲ್ಲ. ಅವರ ಕಷ್ಟ ಬೇರೆ. ಹತ್ತು ಹದಿನೈದು ಲಕ್ಷದ ಗಾಡಿ ಇಟ್ಟುಕೊಂಡೋರಿಗೆ ಹೇಳ್ತಿದೀನಿ.

"ನಮ್ದು ಫೈವ್ ಸ್ಟಾರ್ ಕಾರು" ಅಂತೀರಲ್ಲ. ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಮಕ್ಕಳ ಸುರಕ್ಷತೆಗೆ ಪ್ರತ್ಯೇಕ ಸ್ಟಾರ್ ಇದೆ. ಅದು ಬಂದಿದ್ದು ಹೇಗೆ ಗೊತ್ತಾ? ಒಂದೂವರೆ ವರ್ಷ ಮತ್ತು ಮೂರು ವರ್ಷದ ಮಗುವಿನ ಗಾತ್ರದ ಬೊಂಬೆಗಳನ್ನು ಹಿಂದಿನ ಸೀಟಿನಲ್ಲಿ, ಮಕ್ಕಳ ಸೀಟಿನೊಳಗೆ ಬಿಗಿದು ಕೂರಿಸಿ, ಆಮೇಲೆ ಕಾರು ಗುದ್ದಿಸ್ತಾರೆ. ಆ ಸ್ಟಾರು ಸಿಕ್ಕಿದ್ದು ಬೊಂಬೆಗೆ. ನಿಮ್ಮ ತೊಡೆ ಮೇಲಿರುವ ಮಗುವಿಗೆ ಅದರಲ್ಲಿ ಒಂದೂ ಇಲ್ಲ.

7/7
ಅಳುತ್ತೆ, ಕೂರಲ್ಲ, ಗೊತ್ತು. ಮೊದಲ ಮೂರ್ನಾಲ್ಕು ಸಲ ಕಿರುಚಾಡುತ್ತೆ. ಲಸಿಕೆ ಹಾಕಿಸುವಾಗಲೂ ಕಿರುಚಿತ್ತು, ಬಿಟ್ಟಿರಾ? ಹೊರಡುವ ದಿನವೇ ಸೀಟು ಕಟ್ಟಬೇಡಿ. ಎರಡು ವಾರ ಮೊದಲೇ ಹಾಕಿ, ಅಂಗಡಿ, ಅಜ್ಜಿ ಮನೆ ಅಂತ ಸಣ್ಣ ಓಡಾಟದಲ್ಲಿ ರೂಢಿ ಮಾಡಿಸಿ. ಕೂಸುಗಳಿಗೆ ಹಿಂದಕ್ಕೆ ಮುಖ ಮಾಡಿದ ಸೀಟು, ಅದೂ ಕಾರಿನ ಹಿಂಭಾಗದಲ್ಲೇ. ಅದರಲ್ಲಿ ಹಿಡಿಸದಷ್ಟು ಬೆಳೆದ ಮೇಲೆ ಮುಂದಕ್ಕೆ ಮುಖದ್ದು, ಆಮೇಲೆ ಬೂಸ್ಟರ್. ಸುಮಾರು 145 ಸೆಂ.ಮೀ. ಎತ್ತರ ಆಗೋವರೆಗೆ ದೊಡ್ಡವರ ಬೆಲ್ಟ್ ಮಗುವಿನ ಭುಜದ ಮೇಲೆ ಕೂರೋದಿಲ್ಲ, ಕುತ್ತಿಗೆಗೆ ಬರುತ್ತೆ. ಅಳತೆ ಕಂಬ ಪಾರ್ಕಿನಲ್ಲಿ ಮಾತ್ರ ಅಲ್ಲ, ಕಾರಿಗೂ ಇದೆ.

ವಾಪಸ್ ಬರುವಾಗ ಇನ್ನೂ ಹುಷಾರು. ಇಡೀ ದಿನ ನೀರಿನಲ್ಲಿ ಕುಣಿದು ಸುಸ್ತಾದ ಮಕ್ಕಳು ಹಿಂದಿನ ಸೀಟಿನಲ್ಲಿ ಅಡ್ಡಡ್ಡ ಮಲಗಿರ್ತವೆ, ಬೆಲ್ಟ್ ಬಿಚ್ಚಿ. ಓಡಿಸುವವರೂ ಅಷ್ಟೇ ಸುಸ್ತು. ಕತ್ತಲು, ನಿದ್ದೆ, ಮನೆ ಸೇರುವ ಆತುರ. ನಿದ್ದೆ ಬಂದ್ರೆ ಬಿಡದಿ ಊರೊಳಗೆ ಹೋಗಿ ತಟ್ಟೆ ಇಡ್ಲಿ ತಿಂದು, ಅರ್ಧ ಗಂಟೆ ಕಾರಿನಲ್ಲೇ ಕಣ್ಣು ಮುಚ್ಚಿ. ಆಮೇಲೆ ಹೊರಡಿ.

ಸೀಟು ಸಿಕ್ಕಿಸುವ ಐಸೊಫಿಕ್ಸ್ ಕೊಂಡಿ ಈಚಿನ ಬಹುತೇಕ ಕಾರುಗಳಲ್ಲಿ ಇರುತ್ತೆ. ಹಿಂದಿನ ಸೀಟಿನ ಬೆನ್ನು ಮತ್ತು ಕೂರುವ ಭಾಗ ಸೇರುವ ಸಂದಿಯಲ್ಲಿ ಕೈ ಹಾಕಿ ನೋಡಿ, ಕಬ್ಬಿಣದ ಕಡ್ಡಿ ಸಿಗುತ್ತೆ. ಸಿಗಲಿಲ್ಲ ಅಂದ್ರೆ ಕಾರಿನ ಹೆಸರು, ವರ್ಷ ಕಾಮೆಂಟಿನಲ್ಲಿ ಹಾಕಿ. ಬೆಲ್ಟಿನಲ್ಲೇ ಕಟ್ಟುವ ಸೀಟುಗಳೂ ಇವೆ, ನಿಮ್ಮ ಗಾಡಿಗೆ ಯಾವುದು ಸರಿ ಹೋಗುತ್ತೆ ನೋಡೋಣ.

#ಸೀಟ್‌ಬೆಲ್ಟ್ #ಚೈಲ್ಡ್‌ಸೀಟ್ #ಬೆಂಗಳೂರುಮೈಸೂರು #ಫ್ಯಾಮಿಲಿಟ್ರಿಪ್