ಗುರು ಬೇಕು, ಗಾಡ್‌ಫಾದರ್ ಬೇಡ

ಸಿನಿಮಾದಲ್ಲಿ ಕೆಲಸ ಮಾಡಬೇಕೆನ್ನುವ ಹುಡುಗಿಗೆ ನಮ್ಮ ಮಾಸ್ತಿಕಟ್ಟೆಯ ಕಡೆ ಸಿಗುವ ಬುದ್ಧಿಮಾತು ಒಂದೇ: "ಅಲ್ಲಿ ಗುರುತಿನವರು ಯಾರಾದರೂ ಇದ್ದಾರೇನೇ? ಒಬ್ಬರು ಕೈ ಹಿಡಿಯದೆ ಆಗುವ ಕೆಲಸವಲ್ಲ ಅದು." ಹೇಳುವವರ ಕಳಕಳಿ ನಿಜವೇ. ಆದರೂ ನನ್ನ ತಕರಾರಿದೆ. ಬ್ಯಾಂಕಿಗೆ ಸೇರುವವಳಿಗೆ, ಟೀಚರ್ ಆಗುವವಳಿಗೆ ಅರ್ಜಿ, ಪರೀಕ್ಷೆ, ಸಂಬಳ ಎಂದಿರುತ್ತದೆ. ಸಿನಿಮಾಕ್ಕೆ ಹೋಗುವವಳಿಗೆ ಮಾತ್ರ ಯಾರದೋ ಕೃಪೆ ಏಕೆ ಬೇಕು?

ಗುರು ಬೇಡವೆಂದು ನಾನು ಹೇಳುತ್ತಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನ ಗಿರೀಶ ಕಾಸರವಳ್ಳಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತು ಬಂದು 1977ರಲ್ಲಿ 'ಘಟಶ್ರಾದ್ಧ' ಮಾಡಿದರು. ಪ್ರೇಮಾ ಕಾರಂತರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, ವಸ್ತ್ರವಿನ್ಯಾಸದಲ್ಲಿ ಕೈ ಪಳಗಿಸಿಕೊಂಡು, ತೀರ್ಥಹಳ್ಳಿಯವರೇ ಆದ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'ನನ್ನು 1983ರಲ್ಲಿ ತೆರೆಗೆ ತಂದರು. ಇವರಿಗೂ ಗುರುಗಳಿದ್ದರು. ಆದರೆ ಶಾಲೆಯಲ್ಲಿ ಒಬ್ಬ ಮೇಷ್ಟ್ರು ಮುನಿದರೆ ಇನ್ನೊಬ್ಬರಿರುತ್ತಾರೆ. ಗಾಡ್‌ಫಾದರ್ ಮುನಿದರೆ ಬಾಗಿಲೇ ಮುಚ್ಚುತ್ತದೆ. ವ್ಯತ್ಯಾಸ ಇರುವುದು ಅಲ್ಲಿ.

ನಮ್ಮ ಸಾಗರದ ಪಕ್ಕದ ಹೆಗ್ಗೋಡಿನಲ್ಲಿ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. ಅಲ್ಲಿ ಕಲಿತು ಸಿನಿಮಾಕ್ಕೆ ಹೋದವರು ಯಾರೆಂದರೆ ಅಚ್ಯುತ್ ಕುಮಾರ್, ಸತೀಶ್ ಎಂದು ಥಟ್ಟನೆ ಹೇಳುತ್ತೇವೆ. ಹುಡುಗಿಯರ ಹೆಸರು ಅಷ್ಟು ಬೇಗ ನಾಲಿಗೆಗೆ ಬರುವುದಿಲ್ಲ. ಅವರೂ ಅಲ್ಲೇ ಕಲಿತವರಲ್ಲವೇ? ಶಾಲೆಯ ಬಾಗಿಲು ಸಮನಾಗಿ ತೆರೆದರೂ ಅದರಾಚೆಯ ದಾರಿ ಸಮನಾಗಿಲ್ಲ.

ಆ ದಾರಿ ಎಂಥದೆಂದು ಹೇಮಾ ಸಮಿತಿ ಹೇಳಿದೆ. ಕೇರಳ ಸರ್ಕಾರ 2017ರಲ್ಲಿ ನೇಮಿಸಿದ ಸಮಿತಿ ಅದು. 2019ರ ಕೊನೆಯಲ್ಲಿ ಕೊಟ್ಟ ವರದಿ ಹೊರಬಿದ್ದದ್ದು 2024ರ ಆಗಸ್ಟಿನಲ್ಲಿ. ಲೈಂಗಿಕ ಕಿರುಕುಳವಷ್ಟೇ ಅಲ್ಲ, ಬರಹದ ಕರಾರಿಲ್ಲ, ಬಟ್ಟೆ ಬದಲಿಸಲು ಜಾಗವಿಲ್ಲ, ಶೌಚಾಲಯವಿಲ್ಲ, ಬಾಯಿ ಬಿಟ್ಟರೆ ಅವಕಾಶವಿಲ್ಲ. ಅದೇ ವರ್ಷ ಕನ್ನಡ ಚಿತ್ರರಂಗದವರೂ ಇಂಥದೇ ಸಮಿತಿ ಬೇಕೆಂದು ನಮ್ಮ ಮುಖ್ಯಮಂತ್ರಿಗೆ ಮನವಿ ಕೊಟ್ಟರು. ಹತ್ತು ಜನ ದುಡಿಯುವ ಕಡೆ ಹೆಂಗಸರ ದೂರು ಕೇಳಲು ಸಮಿತಿ ಇರಲೇಬೇಕೆಂದು 2013ರ ಕಾನೂನೇ ಹೇಳುತ್ತದೆ. ಶೂಟಿಂಗ್ ನಡೆಯುವ ಜಾಗ ಹೆಂಗಸರು ದುಡಿಯುವ ಜಾಗವಲ್ಲವೇ?

ಕೆಲಸ ಕಲಿಸುವ ಹಿರಿಯರಿಗೆ ನಮಸ್ಕಾರ. ಆದರೆ ಕಲಿಕೆಯ ಹೆಸರಿನಲ್ಲಿ ಬಿಟ್ಟಿ ದುಡಿಸಿಕೊಳ್ಳುವುದು, ಟೈಟಲ್ ಕಾರ್ಡಿನಲ್ಲಿ ಹೆಸರು ನುಂಗುವುದು ಗುರುತನವಲ್ಲ, ಜಮೀನ್ದಾರಿ. ಆದ್ದರಿಂದ ಅಮ್ಮಂದಿರೇ, ಮಗಳನ್ನು ತಡೆಯಬೇಡಿ. ಯಾರ ಗುರುತಿದೆ ಎಂದೂ ಕೇಳಬೇಡಿ. ಕರಾರು ಪತ್ರ ಎಲ್ಲಿ, ಸಂಬಳವೆಷ್ಟು, ದೂರು ಕೊಡುವುದು ಯಾರಿಗೆ? ಈ ಮೂರನ್ನು ಕೇಳಿ. ಉತ್ತರವಿಲ್ಲದಿದ್ದರೆ ತಲೆ ತಗ್ಗಿಸಬೇಕಾದವಳು ನಿಮ್ಮ ಮಗಳಲ್ಲ.